ಎಳ್ಳಮಾವಾಸ್ಯೆ, ತೊಗರಿ ಹೊಲ ಮತ್ತು ಪ್ರೇಮಚಂದ್

ಬುಧವಾರ, ಕಲಬುರಗಿ

ಪ್ರೇಮಚಂದರ ಕಥೆಗಳನ್ನು ಓದಲು ಕನ್ನಡ ನಾಡಿನಲ್ಲಿ ಕಲಬುರಗಿ ಸೀಮೆಗಿಂತ ಒಳ್ಳೆಯ ಜಾಗ ಇಲ್ಲ. ಇದು ನನ್ನ ಬಹಳ ದಿನದ ನಂಬಿಕೆ. ಅವರು ಬರೆದದ್ದು ಉರ್ದು ಮತ್ತು ಹಿಂದಿ ಎರಡರಲ್ಲೂ. ಇಲ್ಲಿ ಎರಡೂ ಬೀದಿಯಲ್ಲೇ ಕೇಳುತ್ತವೆ, ಅದೂ ಕನ್ನಡದ ಪಕ್ಕದಲ್ಲೇ. ಅವರ ರೈತರಿಗೆ ಇದ್ದ ಸಾಲ, ಚಳಿ, ಮಳೆಯ ಚಿಂತೆ ಇಲ್ಲಿನ ರೈತರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹಾಗಾಗಿ ಈ ಸಲದ ಎಳ್ಳಮಾವಾಸ್ಯೆಗೆ ಚೀಲದಲ್ಲಿ ಕಥೆಗಳ ಎರಡು ಪುಸ್ತಕ ಹಾಕಿಕೊಂಡು ರೈಲು ಹತ್ತಿದೆ. ಒಂದು ಹಿಂದಿ, ನನಗೆ. ಇನ್ನೊಂದು ಉರ್ದು, ಇಲ್ಲಿನ ಗೆಳೆಯನ ಮುತ್ಯಾನಿಗೆ.

ಮುತ್ಯಾನಿಗೆ ತೊಂಬತ್ತು ದಾಟಿದೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಶಾಲೆ ಕಲಿತದ್ದು ಮಾತ್ರ ಉರ್ದುವಿನಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ಹೈದರಾಬಾದ್ ನಿಜಾಮರ ಕೈಯಲ್ಲಿತ್ತಲ್ಲ, ಸರ್ಕಾರದ ಭಾಷೆ ಉರ್ದು. "ನಮ್ಮ ಕಾಲಕ್ಕ ಹೊಲದ ಪಹಣಿ ಸೈತ ಉರ್ದುದಾಗೇ ಇರ್ತಿತ್ತು. ಉರ್ದು ಬರಂಗಿಲ್ಲಂದ್ರ ನಿನ್ನ ಹೊಲ ನಿನಗೇ ಗೊತ್ತಾಗ್ತಿರಲಿಲ್ಲ" ಎಂದರು. ಪುಸ್ತಕ ಕೈಗೆ ಕೊಟ್ಟೆ. ಕನ್ನಡಕ ಒರೆಸಿಕೊಂಡು ಹೆಸರು ಓದಿ, "ಪ್ರೇಮಚಂದ್! ಇವರು ಉರ್ದು ಮಂದಿ" ಎಂದರು. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತ ಮರಿಮೊಮ್ಮಗಳು ತಟ್ಟನೆ ತಲೆ ಎತ್ತಿದಳು. "ಇಲ್ಲ ಮುತ್ಯಾ, ಹಿಂದಿಯವ್ರು. ನಮ್ಮ ಮಿಸ್ ಹೇಳ್ಯಾರ."

ಇಬ್ಬರೂ ಹೇಳಿದ್ದು ಸರಿ. ಒಂದೇ ಪಡಸಾಲೆಯಲ್ಲಿ ಅವರ ಎರಡೂ ಕಡೆಯ ಓದುಗರು ಸಿಕ್ಕಿದ್ದು ನನಗೆ ಎಷ್ಟು ಖುಷಿ ಕೊಟ್ಟಿತು ಅಂದರೆ, ಮುಂದಿನ ಒಂದು ಗಂಟೆ ನಾನೇ ಮಾತಾಡಿದೆ. ಕಾಶಿಯ ಹತ್ತಿರದ ಲಮಹಿ ಎಂಬ ಹಳ್ಳಿ. 1880ರ ಜುಲೈ 31ರಂದು ಅಲ್ಲಿ ಹುಟ್ಟಿದ ಹುಡುಗ ಧನಪತ್ ರಾಯ್. ತಂದೆ ಅಂಚೆ ಕಚೇರಿಯ ಗುಮಾಸ್ತ. ತಾಯಿ ಬೇಗ ಹೋದರು. ಮೊದಲ ಅಕ್ಷರ ಕಲಿತದ್ದು ಮೌಲ್ವಿಯೊಬ್ಬರ ಹತ್ತಿರ, ಉರ್ದು ಮತ್ತು ಪಾರ್ಸಿ. ಮುಂದೆ ಶಾಲೆಯ ಮೇಷ್ಟರಾದರು, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್. ಬರೆಯುವಾಗ ನವಾಬ್ ರಾಯ್ ಎಂಬ ಹೆಸರು. 1908ರಲ್ಲಿ ‘ಸೋಜ್-ಎ-ವತನ್’ ಎಂಬ ಉರ್ದು ಕಥಾಸಂಕಲನ ಬಂತು. ದೇಶಪ್ರೇಮದ ಕಥೆಗಳು. ಸರ್ಕಾರಿ ನೌಕರ ಇಂಥದ್ದು ಬರೆಯುವುದಾ ಎಂದು ಹಮೀರ್‌ಪುರದ ಕಲೆಕ್ಟರ್ ಕರೆಸಿದ. ಉಳಿದಿದ್ದ ಪ್ರತಿಗಳನ್ನು ಸುಟ್ಟರು. ಇನ್ನು ಮೇಲೆ ತೋರಿಸದೆ ಏನೂ ಅಚ್ಚು ಹಾಕಿಸಬಾರದು ಎಂಬ ಆಜ್ಞೆಯೂ ಆಯಿತು. ಆಗ ಕಾನ್‌ಪುರದ ‘ಜಮಾನಾ’ ಪತ್ರಿಕೆಯ ಸಂಪಾದಕ, ಗೆಳೆಯ ದಯಾ ನಾರಾಯಣ್ ನಿಗಮ್ ಸೂಚಿಸಿದ ಹೆಸರೇ ಪ್ರೇಮಚಂದ್. 1910ರಿಂದ ಆ ಹೆಸರು. ಹಿಂದಿಗೆ ಅವರು ಬಂದದ್ದು ಇದಾದ ಮೇಲೆ. ಬಂದ ಮೇಲೂ ಉರ್ದು ಬಿಡಲಿಲ್ಲ. ಸುಮಾರು 300 ಕಥೆ ಬರೆದರು, ಬಹಳಷ್ಟು ಎರಡೂ ಲಿಪಿಯಲ್ಲಿ ಬಂದಿವೆ.

ಮುತ್ಯಾ ‘ಈದ್‌ಗಾಹ್’ ಓದಿದರು. ದನಿ ನಡುಗುತ್ತಿತ್ತು, ಓದು ನಡುಗಲಿಲ್ಲ. 1933ರ ಕಥೆ. ಅಪ್ಪ ಅಮ್ಮ ಇಲ್ಲದ ಹಾಮಿದ್ ಎಂಬ ಪುಟ್ಟ ಹುಡುಗ. ಅಜ್ಜಿ ಅಮೀನಾ ಕೊಟ್ಟ ಮೂರು ಪೈಸೆ ಹಿಡಿದು ಈದ್ ಜಾತ್ರೆಗೆ ಹೋಗುತ್ತಾನೆ. ಜೊತೆಯ ಹುಡುಗರು ಮಿಠಾಯಿ, ಮಣ್ಣಿನ ಗೊಂಬೆ ತಗೊಳ್ಳುತ್ತಾರೆ. ಇವನು ಕಬ್ಬಿಣದ ಅಂಗಡಿಯ ಮುಂದೆ ನಿಲ್ಲುತ್ತಾನೆ. ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುತ್ತವೆ ಎಂದು ನೆನಪಾಗಿ ಚಿಮಟಾ, ಅಂದರೆ ಇಕ್ಕಳ ಕೊಳ್ಳುತ್ತಾನೆ.

ಶಾಲೆಯಲ್ಲಿ ಈ ಕಥೆಯನ್ನು ತ್ಯಾಗದ ಪಾಠ ಮಾಡಿ ಮುಗಿಸುತ್ತಾರೆ. ನನಗೆ ಅದು ಕಡಿಮೆ ಅನ್ನಿಸುತ್ತದೆ. ಕಥೆಯ ಜೀವ ಇರುವುದು ಚಿಮಟಾ ಕೊಂಡ ಮೇಲೆ ಹಾಮಿದ್ ಮಾಡುವ ವಾದದಲ್ಲಿ. ಗೆಳೆಯರ ಹತ್ತಿರ ಸಿಪಾಯಿ, ವಕೀಲ, ನೀರು ಹೊರುವವನ ಗೊಂಬೆಗಳಿವೆ. ಇವನು ಚಿಮಟಾವನ್ನು ಹೆಗಲ ಮೇಲೆ ಬಂದೂಕಿನ ಹಾಗೆ ಇಟ್ಟುಕೊಂಡು ಬರುತ್ತಾನೆ. ನನ್ನದು ರುಸ್ತುಮ್-ಎ-ಹಿಂದ್, ಹಿಂದೂಸ್ತಾನದ ಜಟ್ಟಿ, ನಿಮ್ಮ ಗೊಂಬೆ ಬಿದ್ದರೆ ಒಡೆಯುತ್ತದೆ ಅನ್ನುತ್ತಾನೆ. ಕೊನೆಗೆ ಉಳಿದ ಹುಡುಗರೇ ಅವನ ಚಿಮಟಾ ಒಂದು ಸಲ ಮುಟ್ಟಲು ಆಸೆ ಪಡುತ್ತಾರೆ. ಬಡ ಹುಡುಗನಿಗೆ ಕನಿಕರ ಕೊಡುವುದು ಸುಲಭ, ಗೆಲುವು ಕೊಡುವುದು ಕಷ್ಟ. ಪ್ರೇಮಚಂದ್ ಗೆಲುವು ಕೊಟ್ಟರು. ಆ ಜಾಗ ಬಂದಾಗ ಮರಿಮೊಮ್ಮಗಳು ಹೋಮ್‌ವರ್ಕ್ ಬದಿಗಿಟ್ಟು ಮುತ್ಯಾನ ತೊಡೆಗೆ ಒರಗಿದ್ದಳು. ಉರ್ದು ಅಕ್ಷರ ಅವಳಿಗೆ ಬರುವುದಿಲ್ಲ. ಕಿವಿಗೆ ಎಲ್ಲ ತಿಳಿಯುತ್ತಿತ್ತು.

ಸಂಜೆ ಖ್ವಾಜಾ ಬಂದೇ ನವಾಜ್ ದರ್ಗಾದ ಕಡೆ ಹೋದೆವು. 1422ರಲ್ಲಿ ತೀರಿಕೊಂಡ ಸೂಫಿ ಸಂತರು ಅವರು. ಈ ಕಡೆಯ ಉರ್ದು, ಅಂದರೆ ದಖ್ಖನಿ ಮಾತಿನ ಚರಿತ್ರೆ ಬರೆಯುವವರು ಅವರ ಹೆಸರು ಬಿಟ್ಟು ಬರೆಯುವುದಿಲ್ಲ. ದಾರಿಯ ಅಂಗಡಿಗಳಲ್ಲಿ ಆಟಿಗೆ, ಬಳೆ, ಹೂವಿನ ಚಾದರ. ಒಬ್ಬಳು ತಾಯಿ ಮಗನಿಗೆ ಕನ್ನಡದಲ್ಲಿ ಬೈದು, ಅಂಗಡಿಯವನ ಜೊತೆ ದಖ್ಖನಿಯಲ್ಲಿ ಚೌಕಾಸಿ ಮಾಡಿ, ಮತ್ತೆ ಕನ್ನಡದಲ್ಲಿ ಮಗನನ್ನು ರಮಿಸಿದಳು. ಹಾಮಿದ್ ಇಲ್ಲಿ ಕಳೆದುಹೋಗುತ್ತಿರಲಿಲ್ಲ.

ಗುರುವಾರ, ಚಿತ್ತಾಪುರ ತಾಲೂಕಿನ ಒಂದು ಹಳ್ಳಿ

ಎಳ್ಳಮಾವಾಸ್ಯೆಯ ದಿನ ಈ ಕಡೆ ಮನೆಯಲ್ಲಿ ಯಾರೂ ಇರುವುದಿಲ್ಲ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಗೆಳೆಯನ ಸೋದರಮಾವನ ಹೊಲ ಕಾಗಿಣಾ ಹೊಳೆಯ ಕಡೆಗಿದೆ. ಕಪ್ಪು ಮಣ್ಣು, ಒಂದು ಕಡೆ ಬಿಳಿಜೋಳ, ಒಂದು ಕಡೆ ಕಡಲೆ, ಉಳಿದದ್ದು ತೊಗರಿ. ಕಲಬುರಗಿಯ ತೊಗರಿಗೆ 2019ರಲ್ಲಿ ಇದು ಈ ನೆಲದ್ದೇ ಬೆಳೆ ಎನ್ನುವ ಜಿಐ ಗುರುತು ಸಿಕ್ಕಿತು. ಆದರೆ ಮಾವನ ಹೊಲದ ಒಂದು ಮೂಲೆ ನೆಟೆ ರೋಗ ಹೊಡೆದು ನಿಂತಲ್ಲೇ ಒಣಗಿತ್ತು. ಅದನ್ನು ತೋರಿಸಿದರು, ಏನೂ ಹೇಳಲಿಲ್ಲ.

ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿದರು. ಎಡೆಯನ್ನು ಹೊಲದಲ್ಲಿ ಎರಚಿ ಚರಗ ಚೆಲ್ಲಿದರು. ಆಮೇಲೆ ಊಟ. ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಮತ್ತೆ ಆ ಭಜ್ಜಿ! ಹಸಿ ಕಡಲೆ, ಅವರೆ, ತೊಗರಿ ಕಾಳು, ಸಿಕ್ಕ ಸೊಪ್ಪೆಲ್ಲ ಹಾಕಿ ಕುದಿಸಿದ ಭಜ್ಜಿಯನ್ನು ಎಳ್ಳಮಾವಾಸ್ಯೆಯ ಹೊಲದಲ್ಲೇ ಕೂತು ತಿನ್ನಬೇಕು. ಬಾರದವರನ್ನೂ ಕರೆದು ಬಡಿಸುತ್ತಾರೆ. ಪಕ್ಕದ ಹೊಲದವರು ನಮ್ಮಲ್ಲಿ ಉಂಡರು, ನಾವು ಅವರಲ್ಲಿ ಉಂಡೆವು.

ನಾನು ಈ ದಿನವನ್ನೇ ಆರಿಸಿ ಬಂದದ್ದಕ್ಕೆ ಕಾರಣ ಇದೆ. ಉತ್ತರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹಾಗಾಗಿ ನಮ್ಮ ಎಳ್ಳಮಾವಾಸ್ಯೆ ಅವರ ಪೂಸ್ ತಿಂಗಳ ನಟ್ಟನಡುವೆ ಬೀಳುತ್ತದೆ. ಪ್ರೇಮಚಂದರ ‘ಪೂಸ್ ಕೀ ರಾತ್’ ಇಂಥದ್ದೇ ಚಳಿಯಲ್ಲಿ, ಇಂಥದ್ದೇ ಹೊಲದಲ್ಲಿ ನಡೆಯುವ ಕಥೆ. ಅದನ್ನು ಹೊಲದಲ್ಲೇ ಕೇಳಿಸಬೇಕು ಎಂಬ ಆಸೆ ಇತ್ತು.

ರಾತ್ರಿ ಹೆಂಗಸರು ಮಕ್ಕಳು ಬಹಳಷ್ಟು ಜನ ಊರಿಗೆ ಹೋದರು. ಮಾವ, ಅತ್ತೆ, ಗೆಳೆಯ, ನಾನು, ಪಕ್ಕದ ಹೊಲದ ಇಬ್ಬರು ಉಳಿದೆವು. ಕಡಲೆ ಎಳಸಾಗಿದ್ದಾಗ ಕಾಯಲೇಬೇಕು. "ಕಡ್ಲಿ ಅಂದ್ರ ಜಿಂಕಿ ಜೀವ ಬಿಡ್ತಾವು. ಹಿಂಡು ಬಂತಂದ್ರ ಮುಂಜಾನಿಗೆ ಬರೇ ಮಣ್ಣು" ಎಂದರು ಮಾವ. ಕೃಷ್ಣಮೃಗಕ್ಕೆ ಕಾನೂನಿನ ರಕ್ಷಣೆ ಇದೆ, ಇರಲೇಬೇಕು. ಹೊಲ ಕಾಯುವ ಕೆಲಸ ಮಾತ್ರ ರೈತನ ಪಾಲಿಗೆ ಉಳಿಯುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ಚಳಿ ಏನಿರುತ್ತದೆ ಅಂತ ದಕ್ಷಿಣದವರು ಅಂದುಕೊಳ್ಳುತ್ತಾರೆ. ಬಯಲಲ್ಲಿ ಒಂದು ರಾತ್ರಿ ಕೂತು ನೋಡಬೇಕು. ಗಾಳಿ ಕಂಬಳಿಯ ಒಳಗೇ ಬರುತ್ತದೆ.

ತೊಗರಿ ಕಟ್ಟಿಗೆ ಹಚ್ಚಿ ಸುತ್ತ ಕೂತೆವು. ನಾನು ಹಿಂದಿ ಪುಸ್ತಕ ಇಟ್ಟುಕೊಂಡು ಕನ್ನಡದಲ್ಲಿ ಹೇಳುತ್ತ ಹೋದೆ. ಹಲ್ಕೂ ಎಂಬ ರೈತ. ಕಂಬಳಿಗೆಂದು ಕೂಡಿಟ್ಟ ಮೂರು ರೂಪಾಯಿ ಮನೆಯಲ್ಲಿದೆ. ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಿದ್ದಾನೆ. ಹೆಂಡತಿ ಮುನ್ನಿ ಕೊಡಬೇಡ ಅನ್ನುತ್ತಾಳೆ. ಈ ಬೇಸಾಯವೇ ಬಿಟ್ಟುಬಿಡು, ದುಡಿದದ್ದೆಲ್ಲ ಬಾಕಿಗೇ ಹೋಗುತ್ತದೆ ಅನ್ನುತ್ತಾಳೆ. ಹಲ್ಕೂ ಬೈಗುಳಕ್ಕೆ ಹೆದರಿ ಕೊಟ್ಟುಬಿಡುತ್ತಾನೆ. ಆಮೇಲೆ ಪೂಸ್ ತಿಂಗಳ ರಾತ್ರಿ. ಮೈಮೇಲೆ ಹಳೆ ಚಾದರ, ಜೊತೆಗೆ ಜಬ್ರಾ ಎಂಬ ನಾಯಿ. ಚಿಲುಮೆ ಸೇದಿ ಸೇದಿ ಸಾಕಾಗುತ್ತದೆ. ನಾಯಿಯನ್ನೇ ತಬ್ಬಿ ಮಲಗುತ್ತಾನೆ. ಪಕ್ಕದ ಮಾವಿನ ತೋಪಿನ ಒಣ ಎಲೆ ಗುಡಿಸಿ ಬೆಂಕಿ ಹಾಕುತ್ತಾನೆ. ಮೈ ಬೆಚ್ಚಗಾಗುತ್ತದೆ. ಅಷ್ಟರಲ್ಲಿ ನೀಲ್‌ಗಾಯ್ ಹಿಂಡು ಹೊಲಕ್ಕೆ ನುಗ್ಗುತ್ತದೆ. ಜಬ್ರಾ ಬೊಗಳುತ್ತದೆ. ಮೇಯುವ ಸಪ್ಪಳ ಹಲ್ಕೂವಿಗೆ ಕೇಳುತ್ತದೆ. ಎದ್ದು ಎರಡು ಮೂರು ಹೆಜ್ಜೆ ಹೋಗುತ್ತಾನೆ. ಗಾಳಿ ಚುಚ್ಚುತ್ತದೆ. ತಿರುಗಿ ಬಂದು ಬೂದಿಯ ಪಕ್ಕ ಮಲಗಿಬಿಡುತ್ತಾನೆ. ಬೆಳಿಗ್ಗೆ ಬೆಳೆ ಪೂರಾ ಹಾಳು. ಇನ್ನು ಕೂಲಿ ಮಾಡಿ ಕಂದಾಯ ಕಟ್ಟಬೇಕು ಅನ್ನುತ್ತಾಳೆ ಮುನ್ನಿ. ಹಲ್ಕೂ ಮುಖದಲ್ಲಿ ಮಾತ್ರ ಸಮಾಧಾನ. ಇನ್ನು ರಾತ್ರಿ ಚಳಿಯಲ್ಲಿ ಇಲ್ಲಿ ಮಲಗಬೇಕಾಗಿಲ್ಲವಲ್ಲ ಅನ್ನುತ್ತಾನೆ.

ಇದು 1930ರ ಕಥೆ. ಕಾಲೇಜಿನಲ್ಲಿ ಓದಿದಾಗ ಈ ಕೊನೆ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ರೈತ ತನ್ನ ಬೆಳೆ ಹೋದದ್ದಕ್ಕೆ ಹಗುರ ಆಗುವುದುಂಟಾ? ಬೆಂಕಿಯ ಸುತ್ತ ಕೂತವರಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಪಕ್ಕದ ಹೊಲದವರೊಬ್ಬರು ಬೀಡಿ ಕೆಳಗಿಟ್ಟು, "ಖರೇ ಬರ್ದಾನ ನೋಡ್ರಿ. ಹೋದ ವರ್ಷ ತೊಗರಿ ಒಣಗಿದಾಗ ನಾನೂ ಎರಡು ದಿನ ಛಂದ ನಿದ್ದಿ ಮಾಡೀನಿ. ಕಾಯೂದು ತಪ್ಪಿತು ಅಂತ. ಮೂರನೇ ದಿನ ಸಾಲ ನೆಪ್ಪಾಯ್ತು" ಎಂದರು. ಯಾವ ವಿಮರ್ಶೆಯೂ ಆ ಕಥೆಯ ಕೊನೆಯನ್ನು ನನಗೆ ಇಷ್ಟು ತಿಳಿಸಿ ಹೇಳಿರಲಿಲ್ಲ.

ಅತ್ತೆಗೆ ಮಾತ್ರ ಹಲ್ಕೂ ಮೇಲೆ ಸಿಟ್ಟು. "ಮುನ್ನಿ ಹೇಳಿದ್ದೇ ಬರೋಬರಿ ಅದ. ಆ ಮೂರು ರೂಪಾಯಿ ಕೊಡಬಾರದಾಗಿತ್ತು. ಕಂಬಳಿ ಇದ್ದಿದ್ರ ಎದ್ದು ಹೊಡೀತಿದ್ದ, ಬೆಳಿ ಉಳೀತಿತ್ತು." ಮಾವ ಏನೋ ಹೇಳಲು ಹೋದರು. ಅತ್ತೆ ಬಿಡಲಿಲ್ಲ. "ಗಂಡಸರಿಗೆ ಸಾವುಕಾರ ಬಾಗ್ಲಿಗೆ ನಿಂತ್ರ ಮರ್ಯಾದಿ ಹೋಗ್ತದ. ಹೊಟ್ಟಿ ಹೋದ್ರ ಏನೂ ಹೋಗಂಗಿಲ್ಲ." ಕಥೆ ಶುರುವಾಗುವುದೇ ಮುನ್ನಿಯ ವಾದದಿಂದ ಎಂಬುದನ್ನು ನಾವು ಓದುಗರು ಮರೆತೇಬಿಡುತ್ತೇವೆ. ಕೊನೆಯಲ್ಲಿ ಸಿಗುವ ಸೋಲನ್ನು ಅವಳು ಮೊದಲ ಪುಟದಲ್ಲೇ ಹೇಳಿರುತ್ತಾಳೆ.

ಪ್ರೇಮಚಂದರ ಮನೆಯಲ್ಲೂ ಇಂಥ ಗಟ್ಟಿ ದನಿ ಇತ್ತು. ಶಿವರಾನಿ ದೇವಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡಿದ್ದ ಹುಡುಗಿಯನ್ನು 1906ರಲ್ಲಿ ಪ್ರೇಮಚಂದ್ ಮದುವೆಯಾದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಮುಂದೆ ಅವರೂ ಕಥೆ ಬರೆದರು, ಚಳವಳಿಗೆ ಇಳಿದು ಜೈಲಿಗೂ ಹೋದರು. ಗಂಡನ ಬಗ್ಗೆ ಅವರು ಬರೆದ ‘ಪ್ರೇಮಚಂದ್ ಘರ್ ಮೇಂ’ ಪುಸ್ತಕದಲ್ಲಿ ಹೊಗಳಿಕೆಗಿಂತ ಮಾತುಕತೆಯೇ ಜಾಸ್ತಿ. ಇದನ್ನು ಅತ್ತೆಗೆ ಹೇಳಿದೆ. "ಹಂಗಾದ್ರ ಮುನ್ನಿ ಮಾತು ಅಕಿನೇ ಹೇಳಿಕೊಟ್ಟಿರಬೇಕು" ಎಂದರು. ನನಗೂ ಹಾಗೇ ಅನ್ನಿಸುತ್ತದೆ.

ನಡುರಾತ್ರಿ ದಾಟಿದ ಮೇಲೆ ಕಡಲೆ ಹೊಲದ ಆ ತುದಿಯಲ್ಲಿ ಸಪ್ಪಳ ಆಯಿತು. ಮಾವ ಬ್ಯಾಟರಿ ಹಿಡಿದು ಕೂಗುತ್ತ ಓಡಿದರು, ಹಿಂದೆ ನಾವೂ. ಬೆಳಕಿನಲ್ಲಿ ಹತ್ತಾರು ಕಣ್ಣು ಹೊಳೆದು ಒಂದೇ ನೆಗೆತಕ್ಕೆ ಮಾಯ. ಒಂದು ಸಾಲು ಮೇದು ಹೋಗಿದ್ದವು. ಬೆಂಕಿಯಿಂದ ಏಳುವಾಗ ಕಾಲು ಎಷ್ಟು ಭಾರ ಇರುತ್ತವೆ ಎಂದು ಆಗ ತಿಳಿಯಿತು.

ಶುಕ್ರವಾರ, ಯಾದಗಿರಿ

ಬೆಳಿಗ್ಗೆ ವಾಡಿ ಜಂಕ್ಷನ್‌ನಿಂದ ಯಾದಗಿರಿಗೆ ರೈಲು. ದಾರಿಯುದ್ದಕ್ಕೂ ಕಲ್ಲಿನ ಗಣಿ, ಸಿಮೆಂಟ್ ಧೂಳು, ಆಮೇಲೆ ಭೀಮಾ ನದಿ. ಕೋಟೆ ಹತ್ತಬೇಕು ಎಂದಿತ್ತು, ಹತ್ತಿ ಇಳಿದೆವು. ಮೇಲಿಂದ ಊರು, ಹೊಲ, ದೂರದ ನದಿ ಎಲ್ಲ ಒಟ್ಟಿಗೆ ಕಾಣುತ್ತವೆ.

ಆದರೆ ನನ್ನ ಮನಸ್ಸು ನಿಂತದ್ದು ಸ್ಟೇಷನ್ನಿನಲ್ಲಿ. ಬೆಂಗಳೂರು ಕಡೆಯ ಗಾಡಿಗೆ ಕಾಯುತ್ತ ಕುಟುಂಬಗಳು ಕೂತಿದ್ದವು. ಜೋಳದ ಚೀಲ, ಹಾಸಿಗೆ ಗಂಟು, ಒಂದು ಬಕೆಟ್ಟಿನಲ್ಲಿ ಪಾತ್ರೆ. ಹಬ್ಬ ಮುಗಿಸಿಕೊಂಡು ಗುಳೆ ಹೊರಟವರು. ಕಟ್ಟಡದ ಕೆಲಸಕ್ಕೆ. ಬೆಂಗಳೂರಿನಲ್ಲಿ ನಾವಿರುವ ಮನೆಗಳ ಗೋಡೆ ಎಷ್ಟನ್ನು ಈ ಜಿಲ್ಲೆಯ ಕೈಗಳು ಎಬ್ಬಿಸಿವೆಯೋ. ಒಬ್ಬ ಹುಡುಗನಿಗೆ ಹದಿನೆಂಟೂ ಆಗಿರಲಿಕ್ಕಿಲ್ಲ. ಹೊಲ ಇಲ್ಲವಾ ಅಂದೆ. "ಅದ ರೀ. ಹೊಲದ ಸಾಲ ತೀರಸಾಕೇ ಹೊಂಟೀನಿ."

1936ರ ‘ಗೋದಾನ್’ ಕಾದಂಬರಿಯ ಗೋಬರ್ ನೆನಪಾದ. ಅಪ್ಪ ಹೋರಿ ಒಂದು ಹಸುವಿನ ಆಸೆಗೆ ಸಾಲದಲ್ಲಿ ಮುಳುಗುತ್ತಾನೆ, ಮಗ ಲಖನೌಗೆ ಹೋಗಿ ಕೂಲಿಯಾಗುತ್ತಾನೆ. ಸಾಲ ಎಂದರೆ ಏನೆಂದು ಪ್ರೇಮಚಂದರಿಗೆ ಕೇಳಿ ತಿಳಿಯಬೇಕಾಗಿರಲಿಲ್ಲ. ಗಾಂಧೀಜಿ ಗೋರಖ್‌ಪುರಕ್ಕೆ ಬಂದು ಮಾತಾಡಿದ ಮೇಲೆ 1921ರ ಫೆಬ್ರವರಿಯಲ್ಲಿ ಸರ್ಕಾರಿ ನೌಕರಿ ಬಿಟ್ಟರು. ಕಾಶಿಯಲ್ಲಿ ಸರಸ್ವತಿ ಪ್ರೆಸ್ ಹಾಕಿದರು, 1930ರಲ್ಲಿ ‘ಹಂಸ್’ ಪತ್ರಿಕೆ ತೆಗೆದರು. ಎರಡೂ ನಷ್ಟ ತಂದವು. ಆ ಹೊರೆ ಇಳಿಸಲೆಂದೇ 1934ರಲ್ಲಿ ಬೊಂಬಾಯಿಗೆ ಹೋಗಿ ಸಿನಿಮಾ ಕಂಪನಿಯಲ್ಲಿ ಕಥೆ ಬರೆಯುವ ಕೆಲಸಕ್ಕೆ ಸೇರಿದರು. ಮನಸ್ಸು ಹತ್ತಲಿಲ್ಲ. ಮರು ವರ್ಷವೇ ಬಿಟ್ಟು ಬಂದರು. ಅದೂ ಒಂದು ಗುಳೆಯೇ ಅಲ್ವಾ?

ಗಾಡಿ ಬಂತು. ಜನರಲ್ ಡಬ್ಬಿಯ ಬಾಗಿಲಲ್ಲಿ ಜಾಗ ಇರಲಿಲ್ಲ. ಮೊದಲು ಚೀಲ ಒಳಗೆ ಹೋದವು, ಆಮೇಲೆ ಮಕ್ಕಳು, ಕೊನೆಗೆ ಆ ಹುಡುಗ.

ಶನಿವಾರ, ಬೀದರ್

ಕಲಬುರಗಿಯಿಂದ ಬೀದರ್‌ಗೆ ರೈಲು ಓಡಲು ಶುರುವಾದದ್ದು 2017ರಲ್ಲಿ. ಜನ ಎಷ್ಟು ವರ್ಷ ಕಾದರೋ ಈ ದಾರಿಗೆ. ಕೆಂಪು ಬಾಳೆಯ ಕಮಲಾಪುರ ದಾಟಿ, ಮರಗುತ್ತಿಯ ಸುರಂಗ ದಾಟಿ, ಹುಮನಾಬಾದ್ ಮೇಲೆ ಹೋದರೆ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಬೀದರ್‌ನಲ್ಲಿ ಗೆಳತಿಯೊಬ್ಬಳು ಕಾದಿದ್ದಳು. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೊದಲು ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ತೋರಿಸಿದಳು. 1472ರ ಕಟ್ಟಡ. ಅರ್ಧ ಕುಸಿದಿದ್ದರೂ ಉಳಿದ ಮಿನಾರಿನ ಮೇಲೆ ಹೆಂಚಿನ ನೀಲಿ ಇನ್ನೂ ಇದೆ. ಆಮೇಲೆ ನೌಬಾದ್‌ನ ಕರೇಜ್‌ಗೆ ಕರೆದುಕೊಂಡು ಹೋದಳು.

ಬಹಮನಿ ಕಾಲದಲ್ಲಿ ಪಾರ್ಸಿ ದೇಶದ ಪದ್ಧತಿಯಂತೆ ತೋಡಿದ ನೀರಿನ ಸುರಂಗ ಇದು. ಲ್ಯಾಟರೈಟ್ ಕಲ್ಲಿನ ಒಳಗೆ ಸಣ್ಣ ಇಳಿಜಾರಿನಲ್ಲಿ ಕಾಲುವೆ ಕೊರೆದಿದ್ದಾರೆ. ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು, ಗಾಳಿ ಬೆಳಕು ಬರಲು, ನೀರು ಸೇದಲು. ಬಿಸಿಲಿಗೆ ಆರದೆ, ಪಂಪು ಇಲ್ಲದೆ ನೀರು ತಾನೇ ಹರಿಯುತ್ತದೆ. ಒಂದು ಕಿಂಡಿಯ ಹತ್ತಿರ ಕೂತು ‘ಠಾಕುರ್ ಕಾ ಕುಆಂ’ ಓದಿದೆವು. 1932ರ ಕಥೆ, ನಾಲ್ಕೈದು ಪುಟ ಅಷ್ಟೆ. ದಲಿತ ಕೇರಿಯಲ್ಲಿ ಕಾಯಿಲೆ ಬಿದ್ದ ಜೋಖೂಗೆ ಕುಡಿಯಲು ನೀರು ಬೇಕು. ಅವರ ಪಾಲಿನ ಬಾವಿಯಲ್ಲಿ ಏನೋ ಸತ್ತು ನೀರು ನಾರುತ್ತಿದೆ. ಹೆಂಡತಿ ಗಂಗಿ ರಾತ್ರಿ ಕದ್ದು ಮೇಲ್ಜಾತಿಯ ಠಾಕೂರನ ಬಾವಿಗೆ ಹೋಗುತ್ತಾಳೆ. ಕೊಡ ಮೇಲೆ ಬಂದೇಬಿಟ್ಟಿತು ಅನ್ನುವಾಗ ಠಾಕೂರನ ಬಾಗಿಲು ತೆರೆಯುತ್ತದೆ. ಹಗ್ಗ ಕೈ ಜಾರುತ್ತದೆ. ಓಡಿ ಮನೆಗೆ ಬಂದರೆ ಜೋಖೂ ಅದೇ ನಾರುವ ನೀರನ್ನು ಕುಡಿಯುತ್ತಿದ್ದಾನೆ.

ಗೆಳತಿ ತನ್ನ ಅಜ್ಜಿಯ ಮಾತು ಹೇಳಿದಳು. ಅಜ್ಜಿ ಊರ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು ದೂರ ನಿಲ್ಲುತ್ತಿದ್ದಳಂತೆ. ಮೇಲಿನವರು ಯಾರಾದರೂ ಮನಸ್ಸು ಮಾಡಿ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಒಂದೊಂದು ದಿನ ಮಧ್ಯಾಹ್ನದವರೆಗೆ. "ಪ್ರೇಮಚಂದ್ ಕಾಯಸ್ಥರ ಮನೆಯವರು. ಅವರು ಹಗ್ಗ ಹಿಡಿದು ಹೆದರಿದವರಲ್ಲ. ಆದರೂ ಗಂಗಿಯ ಕೈ ಹೇಗೆ ನಡುಗಿತು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಈ ಕಥೆ ನಂದು" ಎಂದಳು.

ಹಾಗಾದರೆ ‘ಕಫನ್’ ಅಂತ ಕೇಳಿದೆ. ಅವರ ಕೊನೆಗಾಲದ ಕಥೆ, ಮೊದಲು ಉರ್ದುವಿನಲ್ಲಿ ಬಂದದ್ದು. ಒಂದು ದಲಿತ ಮನೆ. ಒಳಗೆ ಸೊಸೆ ಬುಧಿಯಾ ಹೆರಿಗೆ ನೋವಿನಲ್ಲಿ ಸಾಯುತ್ತಿದ್ದಾಳೆ. ಹೊರಗೆ ಮಾವ ಘೀಸೂ, ಗಂಡ ಮಾಧವ್ ಬೆಂಕಿಯಲ್ಲಿ ಸುಟ್ಟ ಆಲೂಗಡ್ಡೆ ತಿನ್ನುತ್ತಿದ್ದಾರೆ. ಆಮೇಲೆ ಶವದ ಬಟ್ಟೆಗೆ ಬೇಡಿ ತಂದ ದುಡ್ಡನ್ನು ಕುಡಿದುಬಿಡುತ್ತಾರೆ. ಹಿಂದಿಯ ದಲಿತ ಲೇಖಕರು ಈ ಕಥೆಯ ಮೇಲೆ ಎತ್ತಿದ ತಕರಾರು ಇನ್ನೂ ಮುಗಿದಿಲ್ಲ. ಗೆಳತಿಯೂ ಅದೇ ಕಡೆ. "ಗಂಗಿ ನಮ್ಮವಳು. ಘೀಸೂ ನಮ್ಮವನಲ್ಲ. ನಮ್ಮ ಕೇರಿಯಲ್ಲಿ ಹೆರಿಗೆ ನೋವು ಬಂದರೆ ಹತ್ತು ಮನೆಯ ಹೆಂಗಸರು ಎದ್ದು ಬರ್ತಾರೆ. ಆ ಕಥೆಯಲ್ಲಿ ಒಬ್ಬಳೂ ಯಾಕೆ ಬರಲಿಲ್ಲ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅವಳು ಹೇಳಿದ್ದರಲ್ಲಿ ನಿಜ ಇದೆ. ಆದರೂ ‘ಕಫನ್’ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಹಗಲು ರಾತ್ರಿ ದುಡಿಯುವ ರೈತನ ಸ್ಥಿತಿ ಇವರಿಗಿಂತ ಏನೂ ಮೇಲಿಲ್ಲದ ಸಮಾಜದಲ್ಲಿ ಇಂಥ ಮನಸ್ಸು ಹುಟ್ಟುವುದು ಆಶ್ಚರ್ಯ ಅಲ್ಲ ಎಂದು ಕಥೆಯಲ್ಲೇ ಬರುತ್ತದೆ. ಹೊಲದಲ್ಲಿ ಮಲಗಿಬಿಟ್ಟ ಹಲ್ಕೂವನ್ನು ಇನ್ನೂ ಹಿಂಡುತ್ತ ಹೋದರೆ ಕೊನೆಗೆ ಸಿಗುವವನು ಘೀಸೂ. ದುಡಿಮೆಯ ಮೇಲೆ ನಂಬಿಕೆ ಪೂರಾ ಸತ್ತ ಮನುಷ್ಯ. ಹಲ್ಕೂವಿನಿಂದ ಘೀಸೂವಿಗೆ ಐದಾರು ವರ್ಷದ ದಾರಿ. 1936ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಅದೇ ವರ್ಷ ಅಕ್ಟೋಬರ್ 8ರಂದು ಪ್ರೇಮಚಂದ್ ತೀರಿಕೊಂಡರು. ವಯಸ್ಸು 56. ಇನ್ನೊಂದು ಹತ್ತು ವರ್ಷ ಸಿಕ್ಕಿದ್ದರೆ ಘೀಸೂವಿನ ಆಚೆ ಏನು ಬರೆಯುತ್ತಿದ್ದರೋ.

ಇದನ್ನೆಲ್ಲ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಹಲ್ಕೂವಿಗೆ ಹೆಸರಿಗಾದರೂ ಹೊಲ ಇತ್ತು. ಘೀಸೂವಿಗೆ ಏನಿತ್ತು? ಇಬ್ಬರನ್ನೂ ಒಂದೇ ದಾರಿಯಲ್ಲಿ ನಿಲ್ಲಿಸಬೇಡ." ಗುಂಪಾ ರಸ್ತೆಯ ಚಹಾ ಅಂಗಡಿಯಲ್ಲೂ ಅದೇ ಜಗಳ, ಸ್ಟೇಷನ್ನಿನ ಬೆಂಚಿನ ಮೇಲೂ ಅದೇ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಮುಂದಿನ ತಿಂಗಳು ‘ಠಾಕುರ್ ಕಾ ಕುಆಂ’ ಮತ್ತು ‘ಕಫನ್’ ಎರಡನ್ನೂ ಒಂದೇ ದಿನ ವಿದ್ಯಾರ್ಥಿಗಳ ಮುಂದೆ ಓದುತ್ತಾಳೆ. ಉರ್ದು ಬರುವ ಹುಡುಗರು ಉರ್ದುವಿನಲ್ಲಿ, ಉಳಿದವರು ಕನ್ನಡದಲ್ಲಿ. ವಾದ ಅವರೇ ಮಾಡಲಿ. ಘೀಸೂವಿನ ಪರ ನಿಲ್ಲಲು ನಾನು ಬರುತ್ತೇನೆ ಎಂದೆ. ಅಲ್ಲೇ ಫೋನ್ ತೆಗೆದು ಬೀದರ್‌ಗೆ ಮುಂದಿನ ತಿಂಗಳ ಟಿಕೆಟ್ ಮಾಡಿಸಿದೆ.